ಆಟಿಯಲ್ಲಿ ಅಣ್ಣನ ಮದುವೆ

ಶ್ರವಣ್, ಸಾನ್ವಿ, ನಿನ್ನೆ ನೀವಿಬ್ಬರೂ ಆಡಿ ಬಂದು ಚೆಂಡನ್ನು ನನ್ನ ಮಂಚದ ಅಡಿಗೆ ಉರುಳಿಸಿಬಿಟ್ಟಿರಿ. ಒದ್ದೆ ಮಣ್ಣು, ತುಳಿದ ಹುಲ್ಲು, ರಬ್ಬರು ಎಲ್ಲ ಸೇರಿದ ಆ ವಾಸನೆ ಸಂಜೆಯವರೆಗೂ ಕೋಣೆಯಲ್ಲೇ ಇತ್ತು. "ಅಜ್ಜಿಗೆ ಫುಟ್‌ಬಾಲ್ ಎಲ್ಲ ಎಂತ ಗೊತ್ತು" ಎಂದು ಶ್ರವಣ್ ಹೇಳಿದ್ದೂ ಕೇಳಿಸಿತು. ಗೊತ್ತುಂಟು ಮಗಾ. ಬಾಯಿಬಿಟ್ಟು ಹೇಳುವ ಅಭ್ಯಾಸ ಇಲ್ಲ, ಅಷ್ಟೇ. ನಾಲ್ಕು ಜನ ಸೇರಿದಲ್ಲಿ ನನ್ನ ಸ್ವರ ಗಂಟಲಿನಿಂದ ಮೇಲೆ ಬರುವುದಿಲ್ಲ. ಇವಳು ಮಾತಾಡಬೇಕಾದರೆ ಸರಕಾರದ ಅಪ್ಪಣೆ ಆಗಬೇಕು ಎಂದು ನಿಮ್ಮ ಅಜ್ಜ ನೆಂಟರೆದುರು ತಮಾಷೆ ಮಾಡುತ್ತಿದ್ದರು. ಆದ್ದರಿಂದ ಬರೆಯುತ್ತೇನೆ. ಶಿರ್ತಾಡಿಯಲ್ಲಿ ಐದನೆಯ ಕ್ಲಾಸಿಗೇ ಶಾಲೆ ಬಿಟ್ಟವಳು, ಒತ್ತಕ್ಷರ ತಪ್ಪಿದರೆ ತಿದ್ದಿಕೊಳ್ಳಿ. ನಮ್ಮದು ತುಳು ಮಾತಾಡುವ ಮನೆ; ಇಲ್ಲಿ ಯಾರು ಏನು ಹೇಳಿದರೂ ತುಳುವಿನಲ್ಲೇ ಹೇಳಿದ್ದು.

ನನಗೊಬ್ಬ ಅಣ್ಣ ಇದ್ದ, ಸಂಜೀವ ಎಂದು. ನಿಮ್ಮ ಅಪ್ಪನಿಗೆ ಹೆಸರು ಮಾತ್ರ ಗೊತ್ತು. ಆಗ ನಮ್ಮ ಊರಿನಲ್ಲಿ ಫುಟ್‌ಬಾಲನ್ನು ಯಾರೂ ನೋಡಿರಲಿಲ್ಲ. ಅಣ್ಣ ಮೂಡುಬಿದಿರೆಯ ಹೈಸ್ಕೂಲಿಗೆ ಹೋಗಿ, ಮಂಗಳೂರಿನಿಂದ ಬಂದ ಮಾಷ್ಟ್ರೊಬ್ಬರ ಚೆಂಡು ನೋಡಿ, ಪಾಠ ಮರೆತು ಬಂದ. ಚರ್ಮದ ಚೆಂಡು ಅದು, ಹೊಟ್ಟೆಗೆ ದಾರ ಕಟ್ಟಿದ್ದು. ಒದ್ದೆಯಾದರೆ ತೆಂಗಿನಕಾಯಿಗಿಂತ ಭಾರ. ಅದಕ್ಕೆ ಎಣ್ಣೆ ಹಚ್ಚಲು ಅಮ್ಮನ ಎಣ್ಣೆಕುಪ್ಪಿ ಆಗಾಗ ಕಾಣೆಯಾಗುತ್ತಿತ್ತು. ಕೊಯ್ಲು ಮುಗಿದ ಗದ್ದೆಯೇ ಮೈದಾನ, ಅಡಿಕೆ ಮರದ ಗಳುಗಳೇ ಗೋಲಿನ ಕಂಬ. ಪೈರು ಕೊಯ್ದ ಬುಡಗಳು ಬರಿಗಾಲಿಗೆ ಚುಚ್ಚುತ್ತಿದ್ದವು. ಸಂಜೆ ಅವನು ಜಗಲಿಯಲ್ಲಿ ಕಾಲು ಚಾಚಿ ಕುಳಿತರೆ ಸೂಜಿ ಹಿಡಿದು ಒಳಗೆ ಮುರಿದ ಸಿಬಿರನ್ನೆಲ್ಲ ತೆಗೆಯುವುದು ನನ್ನ ಕೆಲಸ. ಅವನ ಅಂಗಾಲು ನನಗೆ ಅವನ ಮುಖದಷ್ಟೇ ಪರಿಚಯ.

ಅಪ್ಪ ಬೇಗ ತೀರಿಹೋಗಿದ್ದರು. ಮನೆಯ ಯಜಮಾನಿಕೆ ಅಮ್ಮನ ಅಣ್ಣನದು, ನಮ್ಮ ಮಾವನದು. ಮಾವನಿಗೆ ಈ ಆಟ ಕಂಡರಾಗದು. "ಕೋಣ ಓಡಿಸಿದರೆ ಗದ್ದೆಯಾದರೂ ಹದ ಆಗ್ತದೆ. ಇಪ್ಪತ್ತೆರಡು ಜನ ಓಡಿದರೆ ಎಂತ ಬೆಳೀತದೆ ಮಾರಾಯ?" ಎಂದು ಕೇಳಿದ್ದರು. ಬೆಳೆ ಬರುವವರೆಗೆ ಕಾಯಿರಿ ಎಂದು ಅಣ್ಣ ನಗುತ್ತಾ ಹೇಳಿದ.

ಬೆಳೆ ಬಂದದ್ದು ಬಂಟ್ವಾಳದಲ್ಲಿ. ಅಲ್ಲಿನ ತಂಡದ ಎದುರು ಅಣ್ಣನ ತಂಡ ಆಡಿದ ದಿನ ಅಮ್ಮನೂ ನಾನೂ ಬಸ್ಸಿನಲ್ಲಿ ಹೋಗಿದ್ದೆವು. ಅಣ್ಣ ಗೋಲು ಹೊಡೆದಾಗ ಗುರುತಿಲ್ಲದ ಗಂಡಸರೆಲ್ಲ ಅವನ ಹೆಸರು ಕೂಗಿದರು. ನನಗೆ ಎಷ್ಟು ನಾಚಿಕೆಯಾಯಿತೆಂದರೆ ಅಮ್ಮನ ಸೆರಗಿನ ಹಿಂದೆ ಸೇರಿಕೊಂಡು ಉಳಿದ ಆಟವನ್ನು ನೋಡಲೇ ಇಲ್ಲ. ಆ ಜನರ ನಡುವೆ ರಜೆಯಲ್ಲಿ ಬಂದಿದ್ದ ಸೈನ್ಯದ ಅಧಿಕಾರಿಯೊಬ್ಬರಿದ್ದರು. ತಮ್ಮ ಪಲ್ಟನಿನ ತಂಡಕ್ಕೆ ಇಂಥವನೇ ಬೇಕು ಎಂದರಂತೆ. ಅಮ್ಮ ಎರಡು ದಿನ ಅನ್ನ ಮುಟ್ಟಲಿಲ್ಲ. ಅಣ್ಣ ಅವಳ ಪಕ್ಕ ಕುಳಿತು ಹೇಳಿದ: "ಅಲ್ಲಿ ಆಡುವುದೇ ಕೆಲಸ ಅಮ್ಮ. ಕೋವಿ ಎಲ್ಲ ಬೇರೆಯವರಿಗೆ."

ಅಮ್ಮ ನಂಬಿದಳು, ಅಣ್ಣ ಪಲ್ಟನಿಗೆ ಸೇರಿದ. ಒಮ್ಮೆ ರಜೆಗೆ ಬಂದಾಗ ಬೂಟು ಹಾಕಿಕೊಂಡು ಅಂಗಳದಲ್ಲಿ ಕೊಕ್ಕರೆಯ ಹಾಗೆ ನಡೆದು ತೋರಿಸಿದ, ಮಾವನೂ ನಕ್ಕರು. ಗದ್ದೆಗೆ ಇಳಿಯುವಾಗ ಮಾತ್ರ ಅದನ್ನು ಬಿಚ್ಚಿ ಬದುವಿನ ಮೇಲಿಟ್ಟ.

ಆಮೇಲೆ ಚೀನಾದ ಯುದ್ಧ. ಆಟಗಾರರಿಗೂ ಕೋವಿ ಕೊಟ್ಟರು. ಅಣ್ಣ ಕಾಣೆಯಾಗಿದ್ದಾನೆ ಎಂದು ಒಂದು ತಂತಿ ಬಂತು, ಸತ್ತ ಎಂದಲ್ಲ. ಕೆಲವು ತಿಂಗಳ ನಂತರ ಅದೇ ಪಲ್ಟನಿನಲ್ಲಿದ್ದ ಸಿದ್ಧಕಟ್ಟೆಯ ಒಬ್ಬ ಹುಡುಕಿಕೊಂಡು ಬಂದ. ಮಾವನ ಎದುರು ತಲೆ ತಗ್ಗಿಸಿ ಕುಳಿತು ಹೇಳಿದ. ಹಿಮದಲ್ಲಿ ಹಿಂದೆ ಸರಿಯುವಾಗ ಅಣ್ಣನ ಎರಡೂ ಪಾದ ಚಳಿಗೆ ಕಪ್ಪಾಗಿ ಹೋಗಿತ್ತು. ಒಂದು ದಿನ ಜೊತೆಯವರೇ ಹೊತ್ತರು. ಮರುದಿನ ಅಣ್ಣ, ನೀವು ಹೋಗಿ, ನಾನು ನಿಧಾನ ಬರ್ತೇನೆ ಎಂದು ಒಂದು ಬಂಡೆಗೆ ಒರಗಿ ಕುಳಿತುಬಿಟ್ಟ.

ಬಾಗಿಲ ಹಿಂದಿನಿಂದ ಅಮ್ಮ ಕೇಳಿದಳು, "ಸತ್ತದ್ದನ್ನು ನೀನು ಕಂಡಿದ್ದೀಯಾ?"

"ಇಲ್ಲಮ್ಮ."

"ಹಾಗಾದರೆ ಸುಮ್ಮನಿರು. ಚಾ ಕುಡಿದು ಹೋಗು."

ಸತ್ತವರ ಉತ್ತರಕ್ರಿಯೆಗೆ ನಮ್ಮಲ್ಲಿ ಬೊಜ್ಜ ಎನ್ನುತ್ತೇವೆ. ಅಣ್ಣನ ಬೊಜ್ಜಕ್ಕೆ ಅಮ್ಮ ಒಪ್ಪಲಿಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ಮನೆಯ ತೀರಿಹೋದ ಹಿರಿಯರಿಗೆಲ್ಲ ಒಳಗಿನ ಕೋಣೆಯಲ್ಲಿ ಎಲೆ ಹಾಕಿ ಬಡಿಸುವಾಗ ಅಣ್ಣನಿಗೆ ಎಲೆ ಇಲ್ಲ. ಅವನ ಪಾಲು ಅಡಿಗೆಮನೆಯಲ್ಲಿ, ಬದುಕಿರುವವರ ಪಾಲಿನ ಜೊತೆ, ಮುಚ್ಚಿಟ್ಟಿರುತ್ತಿತ್ತು. ಮರುದಿನ ಅದನ್ನು ನಾಯಿಗೆ ಹಾಕುವವಳು ನಾನು.

ಹೀಗೆ ಎರಡು ವರ್ಷ ಕಳೆಯಿತು. ನನಗೆ ಲಾಯಿಲದಿಂದ ಸಂಬಂಧ ಬಂತು, ನಿಮ್ಮ ಅಜ್ಜನದು. ಅವರ ತಾಯಿ ಕಡ್ಡಿ ಮುರಿದ ಹಾಗೆ ಹೇಳಿದರು: ಹುಡುಗಿಯ ಅಣ್ಣ ಇದ್ದರೆ ಮದುವೆಗೆ ಬರಲಿ, ಇಲ್ಲವಾದರೆ ಅವನದ್ದನ್ನು ಮುಗಿಸಿ. ಮದುವೆಯಾಗದೆ ಸತ್ತವರು ಒಡಹುಟ್ಟಿದವರ ಮದುವೆಗೆ ಅಡ್ಡ ನಿಲ್ಲುತ್ತಾರೆಂದು ನಮ್ಮವರ ನಂಬಿಕೆ. ಅದಕ್ಕೆ ಪರಿಹಾರವೂ ಉಂಟು. ಹಾಗೆಯೇ ಸತ್ತ ಒಬ್ಬ ಹುಡುಗಿಯನ್ನು ಹುಡುಕಿ ಇಬ್ಬರಿಗೂ ಮದುವೆ ಮಾಡಿಸುತ್ತಾರೆ. ಕುಲೆ ಮದುವೆ ಎನ್ನುತ್ತಾರೆ ಅದಕ್ಕೆ. ಬದುಕಿದವರಿಗೆ ಮದುವೆ ಇಲ್ಲದ ಆಟಿ ತಿಂಗಳಲ್ಲೇ ಮಾಡುವುದು.

ನಿಮ್ಮ ಅಜ್ಜನನ್ನು ಕಿಟಕಿಯ ಸಂದಿನಿಂದ ನೋಡಿದ್ದೆ. ನನಗೆ ಇಷ್ಟವಾಗಿತ್ತು. ಆದರೆ ಬೇಕು ಎಂದು ಹೇಗೆ ಹೇಳಲಿ? ಬೇಕು ಎಂದರೆ ಅಣ್ಣ ಸತ್ತದ್ದು ಹೌದು ಎಂದ ಹಾಗೆ. ಅಮ್ಮ ನನ್ನ ಮುಖ ನೋಡುವುದನ್ನೇ ಬಿಟ್ಟಿದ್ದಳು. ಒಂದೇ ಒಲೆಯ ಎದುರು ಕುಳಿತು ನಾವಿಬ್ಬರೂ ವಾರಗಟ್ಟಲೆ ಉಪ್ಪು, ಹುಳಿ ಬಿಟ್ಟು ಬೇರೆ ಮಾತಾಡಲಿಲ್ಲ.

ಮಾವ ಅಮ್ಮನನ್ನು ಕೇಳದೆಯೇ ಹಾಗೆ ಸತ್ತ ಒಬ್ಬ ಹುಡುಗಿಯ ತಂದೆಯನ್ನು ಕರೆಸಿದರು. ಬೆಳ್ತಂಗಡಿ ಕಡೆಯವರು, ಸಣ್ಣ ದೇಹದ ಮನುಷ್ಯ. ಮಗಳು ಲೀಲಾ ಜ್ವರದಲ್ಲಿ ಹೋಗಿದ್ದಳು. ಇಂಥ ಸಂಬಂಧ ಮಾತಾಡುವಾಗಲೂ ಬದುಕಿದವರದ್ದೇ ರೀತಿ. ವೀಳ್ಯದ ಹರಿವಾಣ ಇಟ್ಟು, ಗೋತ್ರ ಕೇಳಿ, ಸ್ವಲ್ಪ ತಮಾಷೆಯನ್ನೂ ಮಾಡಬೇಕು. ನಮ್ಮ ಹುಡುಗ ಮನೆಯಲ್ಲಿ ನಿಲ್ಲುವ ಜಾತಿಯಲ್ಲ, ಚೆಂಡಿನ ಹಿಂದೆ ಹೋದರೆ ಊಟಕ್ಕೂ ಇಲ್ಲ ಎಂದರು ಮಾವ. ನಮ್ಮವಳು ಊಟ ಹಿಡಿದುಕೊಂಡು ಗದ್ದೆಗೇ ಹೋದಾಳು ಎಂದರು ಅವರು. ಆಮೇಲೆ ಸ್ವರ ತಗ್ಗಿಸಿ, "ಹುಡುಗನ ಸ್ವಭಾವ ಹೇಗೆ? ನಮ್ಮ ಮಗು ಸ್ವಲ್ಪ ಹೆದರಿಕೆಯವಳು" ಎಂದು ಕೇಳಿದರು.

ಆಗ ಅಮ್ಮ ಬಾಗಿಲು ದಾಟಿ ಜಗಲಿಗೆ ಬಂದಳು. ಅನ್ಯ ಗಂಡಸರ ಎದುರು ಅವಳು ಹಾಗೆ ಬಂದು ನಿಂತದ್ದನ್ನು ನಾನು ಬೇರೆ ಯಾವತ್ತೂ ಕಂಡಿಲ್ಲ. ಮಾವ ಎದ್ದು ನಿಂತರು, ಬೈಯುತ್ತಾಳೆ ಎಂದೇ ಎಣಿಸಿರಬೇಕು.

"ಸ್ವಭಾವ ಒಳ್ಳೆಯದು" ಎಂದಳು ಅಮ್ಮ. "ಆದರೆ ಅವನಿಗೆ ಕಾಲು ಆಗುವುದಿಲ್ಲ. ಜೊತೆಯಲ್ಲಿ ಹೋಗುವಾಗ ನಿಧಾನ ನಡೆಯಬೇಕು. ಮಗಳಿಗೆ ಹೇಳಿ."

ಹುಡುಗಿಯ ತಂದೆ ಬಾಯಲ್ಲಿದ್ದ ವೀಳ್ಯವನ್ನು ಅಂಗಳಕ್ಕೆ ಉಗುಳಿ ಬಂದರು. "ಹೇಳ್ತೇನೆ ಅಕ್ಕ. ಅವಳೂ ಕೊನೆಗೆ ಹಾಸಿಗೆ ಬಿಟ್ಟು ಏಳಲಿಲ್ಲ. ಅವಳಿಗೂ ಅವಸರ ಇಲ್ಲ."

ಮೊದಲು ಬೊಜ್ಜ ಆಯಿತು, ಆಟಿಯಲ್ಲಿ ಮದುವೆ. ಎರಡು ಮಣೆ, ಒಂದರ ಮೇಲೆ ಪಂಚೆ ಅಂಗಿ, ಇನ್ನೊಂದರ ಮೇಲೆ ಸೀರೆ, ಕರಿಮಣಿ, ಮಲ್ಲಿಗೆ. ಅಂಗಿಯ ಕೆಳಗೆ ಅಮ್ಮ ಒಂದು ಕಂಬಳಿ ಮಡಚಿಟ್ಟಳು. ಮದುಮಗನ ಬಟ್ಟೆಯಲ್ಲಿ ಕಂಬಳಿ ಎಲ್ಲಿಯದು ಎಂದು ಯಾರೋ ಕೇಳಿದಾಗ ಮಾವ, "ನಮ್ಮಲ್ಲಿ ಕ್ರಮ ಉಂಟು" ಎಂದುಬಿಟ್ಟರು. ಅಂಥ ಕ್ರಮ ಇರಲಿಲ್ಲ. ಅದೇ ವಾರ ಹಿರಿಯರಿಗೆ ಬಡಿಸುವಾಗ ಅಮ್ಮ ಒಳಗಿನ ಕೋಣೆಯಲ್ಲಿ ಹೊಸದಾಗಿ ಎರಡು ಎಲೆ ಹಾಕಿ ಬಾಗಿಲೆಳೆದುಕೊಂಡಳು. ಅವರು ಉಂಡು ಏಳುವವರೆಗೆ ನಾವು ಹೊರಗೆ ಕಾಯಬೇಕು. ಹೊತ್ತಾಯಿತೆಂದು ಮಾವ ಎದ್ದರೆ ಅಮ್ಮ ಅವರ ಕೈ ಹಿಡಿದು ಕೂರಿಸಿದಳು.

ಸುಗ್ಗಿ ಕಳೆದು ನನ್ನ ಮದುವೆಯಾಯಿತು. ಮಾವ ತೀರಿದ ಮೇಲೆ ಅಮ್ಮ ನನ್ನಲ್ಲಿಗೆ ಬಂದಳು, ಆ ಎಲೆಗಳೂ ನನ್ನ ಅಡಿಗೆಮನೆಗೆ ಬಂದವು. ಈಗ ಪ್ರತಿ ಆಟಿಯಲ್ಲಿ ಮುಚ್ಚಿದ ಬಾಗಿಲ ಹೊರಗೆ ಹಸಿವು ಹಸಿವು ಎಂದು ನನ್ನನ್ನು ಕಾಡುವವರು ನೀವು.

ನನ್ನ ಮದುವೆಗೋಸ್ಕರ ಅಮ್ಮ ಅಣ್ಣನನ್ನು ಸತ್ತವರಲ್ಲಿ ಸೇರಿಸಬೇಕಾಯಿತು ಎಂಬ ಭಾರ ಇಷ್ಟು ವರ್ಷ ಎದೆಯಲ್ಲಿತ್ತು. ಇವತ್ತು ಜಗಲಿಯಲ್ಲಿ ಅವಳು ಆಡಿದ ಆ ಮಾತನ್ನು ಅಕ್ಷರದಲ್ಲಿ ಬರೆದು ಓದಿಕೊಂಡೆ. ಅದರಲ್ಲಿ ನನ್ನ ಸುದ್ದಿಯೇ ಇಲ್ಲ. ಬಂಡೆಗೆ ಒರಗಿ ಒಬ್ಬನೇ ಕುಳಿತವನಿಗೆ ಅವಳು ಜೊತೆ ಹುಡುಕುತ್ತಿದ್ದಳು. ಭಾರ ಸ್ವಲ್ಪ ಇಳಿಯಿತು, ಪೂರ್ತಿ ಅಲ್ಲ.

ಮಕ್ಕಳೇ, ಈ ಹಾಳೆಗಳನ್ನು ಗೆದ್ದಲು ತಾಗದ ಕಡೆ ಇಡಿ. ಅವನು ಆಡಿದ್ದನ್ನು ಕಣ್ಣಾರೆ ಕಂಡವರಲ್ಲಿ ಉಳಿದವಳು ನಾನೊಬ್ಬಳೇ, ಅದೂ ಅರ್ಧ ಆಟ ಸೆರಗಿನ ಹಿಂದೆ ಕಳೆದವಳು. ನನ್ನ ನಂತರ ಬಡಿಸುವವರಿಗೆ ಆ ಎರಡು ಎಲೆ ಯಾರದೆಂದು ಗೊತ್ತಿರಬೇಕು.