ಯೂನಾಳ ಮುಖದ ಮೇಲಿನ ಹಾಡು

ನಮ್ಮ ಅಡುಗೆಮನೆಯ ಡ್ರಾಯರಿನಲ್ಲಿ, ಸಾರಿನ ಪುಡಿಯ ಅಳತೆಗಳನ್ನು ಬರೆದಿಟ್ಟ ಹಳೆಯ ನೋಟ್‌ಬುಕ್ಕೊಂದಿದೆ. ಅದನ್ನು ಹಿಂದುಮುಂದಾಗಿ ತಿರುಗಿಸಿ ತೆರೆದರೆ ಕನ್ನಡ ಅಕ್ಷರಗಳಲ್ಲಿ ಹನ್ನೊಂದು ಜಪಾನಿ ಶಿಶುಗೀತೆಗಳು ಸಿಗುತ್ತವೆ. ಬರೆದವಳು ನಾನೇ. ಅರ್ಥ ಕೇಳಿದರೆ ಮಾತ್ರ ಅರ್ಧಂಬರ್ಧ ಹೇಳಿಯೇನು. ನಮ್ಮ ಲಿಪಿಯ ಔದಾರ್ಯ ದೊಡ್ಡದು ನೋಡಿ, ಯಾವ ದೇಶದ ಸದ್ದು ಬಾಗಿಲಿಗೆ ಬಂದರೂ ಒಂದು ಕೊಂಬು, ಒಂದು ದೀರ್ಘ ಕೊಟ್ಟು ಒಳಗೆ ಕರೆದು ಕೂರಿಸಿಕೊಳ್ಳುತ್ತದೆ. ಹಾಗಾಗಿ ಮೆಂತ್ಯ ಎಷ್ಟು, ಇಂಗು ಎಷ್ಟು ಎಂಬುದರ ಬೆನ್ನಿಗೇ ಬೆರಳು ಎಣಿಸುವ ಹಾಡು, ಮಂಡಿಯ ಮೇಲೆ ಕೂರಿಸಿ ಕುಲುಕಿಸುವ ಹಾಡು, ಹುಬ್ಬು ಸವರುವ ಹಾಡು ಎಲ್ಲವೂ ತಕರಾರಿಲ್ಲದೆ ಕೂತಿವೆ.

ಅಮೆರಿಕದ ಗೈದರ್ಸ್‌ಬರ್ಗ್‌ನ ನಮ್ಮ ಮನೆಯಲ್ಲಿ ನಾನು ಬೇರೆಯವರ ಮಕ್ಕಳನ್ನು ನೋಡಿಕೊಳ್ಳುತ್ತೇನೆ. ಹೋಮ್ ಡೇಕೇರ್ ಎಂಬ ಹೆಸರಿನ ಗತ್ತು ಏನೇ ಇರಲಿ, ಇರುವುದು ಒಂದು ದಪ್ಪ ಚಾಪೆ, ಮೂರು ತೊಟ್ಟಿಲು, ಮತ್ತೆ ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ಒಂದಾದ ಮೇಲೊಂದು ಅಳು. ನನಗೆ ಮಕ್ಕಳಿಲ್ಲ. ಎರಡು ಸಲ ಬಸುರಾದೆ, ಎರಡು ಸಲವೂ ಉಳಿಯಲಿಲ್ಲ. ಇದನ್ನು ಮುಚ್ಚಿಟ್ಟು ಮುಂದಿನದನ್ನು ಹೇಳಿದರೆ ನಿಮಗೆ ಮೋಸ ಮಾಡಿದ ಹಾಗಾಗುತ್ತದೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಕೊರೊನಾದ ಗಲಾಟೆ ತಣ್ಣಗಾದ ಮೇಲಿನ ಒಂದು ಚಳಿಗಾಲದಲ್ಲಿ ಅಕಿಕೊ ಎಂಬ ಹೆಣ್ಣುಮಗಳು ಐದು ತಿಂಗಳ ಕೂಸು ಯೂನಾಳನ್ನು ಎದೆಗೆ ಕಟ್ಟಿಕೊಂಡು ಬಂದಳು. ಇಲ್ಲಿನ ಒಂದು ಪ್ರಯೋಗಾಲಯದಲ್ಲಿ ಅವಳಿಗೆ ಒಂದೂವರೆ ವರ್ಷದ ಕೆಲಸ. ಗಂಡ ಜಪಾನಿನಲ್ಲೇ ಉಳಿದಿದ್ದ. ಊಟ, ನಿದ್ದೆ, ಡಯಾಪರ್ ಯಾವುದರ ಬಗ್ಗೆಯೂ ಅವಳು ಹೆಚ್ಚು ಹೇಳಲಿಲ್ಲ. ಕೇಳಿದ್ದು ಒಂದೇ. “ಹಗಲೆಲ್ಲಾ ಇವಳ ಕಿವಿಗೆ ನನ್ನ ಭಾಷೆ ಬೀಳೋದೇ ಇಲ್ಲ. ಹಾಡಾದ್ರೂ ಬೀಳಲಿ. ನಾನು ಕಲಿಸಿಕೊಟ್ರೆ ಹಾಡ್ತೀರಾ?” ನಮ್ಮಿಬ್ಬರ ನಡುವಿನ ಮಾತೆಲ್ಲ ಇಂಗ್ಲಿಷಿನಲ್ಲಿ, ಅದು ಅವಳಿಗೂ ಸಾಲದು, ನನಗೂ ಸಾಲದು. ಶನಿವಾರಗಳಂದು ಕಿತ್ತಳೆ ಹಣ್ಣಿನ ಚೀಲ ಹಿಡಿದು ಬಂದು, ಮಗುವನ್ನು ನಡುವೆ ಮಲಗಿಸಿ, ಹಾಡಿ ತೋರಿಸಿ ಹೋಗುತ್ತಿದ್ದಳು. ನಾನು ಬರೆದುಕೊಂಡು ವಾರವಿಡೀ ಉರು ಹೊಡೆಯುತ್ತಿದ್ದೆ. ಪಾತ್ರೆ ತೊಳೆಯುವಾಗಲೂ ಅದೇ. ನನ್ನ ಯಜಮಾನರು ಕಂಪ್ಯೂಟರಿನಿಂದ ತಲೆ ಎತ್ತಿ, “ಅಲ್ಲ ಕಣೇ, ಪಾಪದ ಜಪಾನಿ ಹಾಡಿಗೂ ಕಾಂಬೋಜಿ ರಾಗ ಬಳಿದುಬಿಟ್ಯಲ್ಲ!” ಎಂದು ಕಿಚಾಯಿಸುತ್ತಿದ್ದರು.

ಆ ಹನ್ನೊಂದರಲ್ಲಿ ಮುಖದ ಹಾಡು ಚಿಕ್ಕದು. ಒಂದು ಬೆರಳಿನ ತುದಿಯಿಂದ ಮಗುವಿನ ಹುಬ್ಬು ಸವರಬೇಕು, ಮೂಗಿನ ಏಣಿಯಿಂದ ಇಳಿಯಬೇಕು, ಕೆನ್ನೆ ಸುತ್ತಿ, ತುಟಿ ದಾಟಿ, ಗಲ್ಲಕ್ಕೆ ಬಂದು, ಆಮೇಲೆ ನಿಲ್ಲಬೇಕು. ಬೆರಳು ಗಾಳಿಯಲ್ಲಿ. ಹಾಡೂ ಇಲ್ಲ, ಉಸಿರೂ ಇಲ್ಲ. ಮಗು ಕಣ್ಣರಳಿಸಿ ಕಾಯುತ್ತದೆ, ಕಾದೂ ಕಾದೂ ಇನ್ನು ತಡೆಯಲಾರೆ ಎನ್ನುವ ಹೊತ್ತಿಗೆ ಕುತ್ತಿಗೆಗೆ ಕಚಗುಳಿ ಇಡಬೇಕು. ನನಗನ್ನಿಸುತ್ತದೆ, ಮನುಷ್ಯರು ಒಬ್ಬರನ್ನೊಬ್ಬರು ನಂಬಲು ಕಲಿಯುವುದು ಆ ಕಚಗುಳಿಯಲ್ಲಲ್ಲ, ಅದಕ್ಕೆ ಮುಂಚಿನ ಆ ಕಾಯುವಿಕೆಯಲ್ಲಿ. ಈ ಬೆರಳು ಬಂದೇ ಬರುತ್ತದೆ, ಬಂದರೂ ನೋಯಿಸುವುದಿಲ್ಲ ಎಂಬುದು ಕೂಸಿಗೆ ಯಾವ ಭಾಷೆಯೂ ಬರುವ ಮೊದಲೇ ಗೊತ್ತಾಗಿಬಿಡುತ್ತದೆ. ಕಲಿಸಿದವರ ಮುಖ ಆ ಗೊತ್ತಿನ ಜೊತೆ ಅಂಟಿಕೊಳ್ಳುತ್ತದಲ್ಲ, ತೊಂದರೆ ಇರುವುದು ಅಲ್ಲೇ.

ನಮ್ಮ ಕೆಲಸದಲ್ಲಿ ಒಂದು ಕಟ್ಟುನಿಟ್ಟಿದೆ. ನನ್ನನ್ನು ಇದಕ್ಕೆ ಹಚ್ಚಿದವರು ಸೆಂಟರ್‌ವಿಲ್‌ನ ಸರೋಜಾ ಆಂಟಿ, ಅವರು ಮೊದಲ ದಿನವೇ ಹೇಳಿದ್ದರು: “ನೋಡಮ್ಮ, ಮಗು ನಿನ್ನ ಮನೇಲಿ ಮೊದಲನೇ ಹೆಜ್ಜೆ ಇಟ್ರೆ ನೀನು ನೋಡೇ ಇಲ್ಲ ಅಂದ್ಕೊ. ಸಂಜೆ ಅವರಮ್ಮನ ಎದುರಿಗೆ ಇಟ್ಟಿದ್ದೇ ಮೊದಲನೇದು. ಬಾಯಿಗೆ ಬೀಗ.” ಒಂಬತ್ತು ವರ್ಷ ಆ ಬೀಗ ತೆಗೆಯಲಿಲ್ಲ ನಾನು. ಎಷ್ಟು ಅಪ್ಪ ಅಮ್ಮಂದಿರು ಫೋನ್ ಮಾಡಿ “ಇವತ್ತು ನಡೆದ್ಲು ಆಂಟಿ!” ಎಂದು ಕುಣಿದಾಡಿದರೋ, ಅಷ್ಟೂ ಜನರಿಗೆ “ಹೌದಾ! ನಿಜವಾಗ್ಲೂ?” ಎಂದು ಬೆರಗು ನಟಿಸಿದ್ದೇನೆ. ಹೊರಗೆ ದುಡಿಯುವ ತಾಯಿಗೆ ಇಡೀ ಹಗಲು ತಪ್ಪಿಹೋಗಿರುತ್ತದೆ, ಒಂದು ಮೊದಲನೆಯದಾದರೂ ಅವಳ ಪಾಲಿಗೆ ಇರಲಿ ಎಂಬ ದಯೆ ಅದು.

ಯೂನಾಳಿಗೆ ಹನ್ನೊಂದು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಉಳಿದಿಬ್ಬರು ಮಲಗಿದ್ದರು. ನಾನು ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದೆ. ಅವಳು ನನ್ನ ಮಂಡಿ ಹಿಡಿದು ಎದ್ದು ನಿಂತು, ನನ್ನ ಹುಬ್ಬಿನ ಮೇಲೆ ಬೆರಳಿಟ್ಟಳು. ಸೊಟ್ಟಸೊಟ್ಟಗೆ ಎಳೆದಳು, ಮೂಗಿನಿಂದ ಇಳಿದಳು, ಕೆನ್ನೆ ಮರೆತಳು, ಗಲ್ಲಕ್ಕೆ ಬಂದಳು. ಆಮೇಲೆ ನಿಲ್ಲಿಸಿದಳು. ಬೆರಳು ಗಾಳಿಯಲ್ಲಿ, ಉಸಿರು ಹಿಡಿದುಕೊಂಡು, ನನ್ನನ್ನು ಕಾಯಿಸುತ್ತಾ! ಅಯ್ಯೋ ದೇವರೇ, ಆ ಗಳಿಗೆಯಲ್ಲಿ ನನಗೆ ಏನಾಯಿತೆಂದು ಹೇಗೆ ಹೇಳಲಿ. ಅವಳು ಎರಡನೇ ಸಲ ಶುರುಮಾಡಿದಾಗ ಫೋನ್ ಎತ್ತಿ ವಿಡಿಯೋ ಮಾಡಿ, ಅಕಿಕೊಗೆ ಕಳಿಸಿಬಿಟ್ಟೆ.

ಅವಳಿಗೆ ಸಂತೋಷವಾಗಲಿ ಅಂತ ಕಳಿಸಿದೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅದು ಬರೀ ಜಂಬ. ಈ ಮಗು ಇದನ್ನು ಮೊದಲು ಮಾಡಿದ್ದು ನನಗೆ, ನನ್ನ ಮುಖಕ್ಕೆ, ಎಂದು ಭೂಮಿಯ ಮೇಲೆ ಒಬ್ಬರಿಗಾದರೂ ಗೊತ್ತಾಗಬೇಕಿತ್ತು. ಯಾರಿಗೆ ಗೊತ್ತಾಗಬಾರದಿತ್ತೋ ಅವರಿಗೇ ತಿಳಿಸಿದೆ.

ಆ ಸಂಜೆ ಅಕಿಕೊ ಅರ್ಧ ಗಂಟೆ ಮೊದಲೇ ಬಂದಳು. ಯಾವಾಗಲೂ ಹೊರಗೇ ಶೂ ಬಿಚ್ಚಿ ಜೋಡಿಸಿಟ್ಟು ಬರುವವಳು, ಅಂದು ಶೂ ಹಾಕಿಕೊಂಡೇ ಚಾಪೆಯ ಮೇಲೆ ಮಂಡಿಯೂರಿದಳು. ಮುಖ ಮುಂದೆ ಚಾಚಿ ಹಾಡಿದಳು. ಯೂನಾ ಅಮ್ಮನ ಕೆನ್ನೆಗೆ ಒಂದು ಏಟು ಕೊಟ್ಟು, ಕೊಸರಿಕೊಂಡು ಅಂಬೆಗಾಲಿಟ್ಟು ನನ್ನ ಕಡೆ ಬಂದಳು. ಅಮ್ಮ ಮತ್ತೆ ಹಾಡಿದಳು. ಮಗು ಮತ್ತೆ ನನ್ನ ಕಡೆಗೇ ಬಂತು. ಅಕಿಕೊ ನಗುತ್ತಲೇ ಇದ್ದಳು, ಆ ನಗು ಹೇಗೆ ನಿಲ್ಲಿಸುವುದೆಂದು ತಿಳಿಯದವಳ ಹಾಗೆ. “ನಾನು ಹಾಡೋ ಹೊತ್ತಿಗೆ ಇವಳಿಗೆ ನಿದ್ದೆ ಬಂದಿರುತ್ತೆ,” ಎಂದಳು. “ನೀವು ತುಂಬಾ ಚೆನ್ನಾಗಿ ಕಲಿಸಿದ್ದೀರಿ. ಥ್ಯಾಂಕ್ಯೂ.” ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮಗುವನ್ನು ಕಾರಿನಲ್ಲಿ ಕೂರಿಸಿದ ಮೇಲೆ ಅವಳು ಬಹಳ ಹೊತ್ತು ಗಾಡಿ ಸ್ಟಾರ್ಟ್ ಮಾಡಲಿಲ್ಲ. ನಾನು ಕಿಟಕಿಯ ಹತ್ತಿರವೇ ನಿಂತಿದ್ದೆ, ಹೊರಗೆ ಹೋಗುವ ಧೈರ್ಯ ಬರಲಿಲ್ಲ.

ಮಾರನೇ ದಿನದಿಂದ ಮುಖದ ಹಾಡು ನಿಲ್ಲಿಸಿದೆ. ಉಳಿದ ಹತ್ತನ್ನೂ ಹಾಡಿದೆ, ಅದೊಂದನ್ನು ಬಿಟ್ಟು. ಮಧ್ಯಾಹ್ನದ ನಿದ್ದೆಯನ್ನು ದಿನಕ್ಕಿಷ್ಟು ಎಂದು ಮುಂದೆ ತಳ್ಳುತ್ತಾ, ಸಂಜೆ ಏಳಕ್ಕೂ ಅವಳು ಕಣ್ಣರಳಿಸಿಕೊಂಡು ಇರುವ ಹಾಗೆ ಮಾಡಿದೆ. ಅಕಿಕೊಗೆ ಇದೇನನ್ನೂ ಹೇಳಲಿಲ್ಲ. ಯೂನಾ ನನ್ನ ಬೆರಳು ಹಿಡಿದು ಎಳೆದು ತನ್ನ ಹುಬ್ಬಿಗೆ ಒತ್ತಿಕೊಳ್ಳುತ್ತಿದ್ದಳು. “ಅಮ್ಮ ಬರ್ಲಿ ಪುಟ್ಟಿ, ಅಮ್ಮ ಮಾಡ್ತಾರೆ,” ಎನ್ನುತ್ತಿದ್ದೆ. ಅವಳು ಅಳುತ್ತಿದ್ದಳು. ಬೆರಳು ಬಂದೇ ಬರುತ್ತದೆ ಎಂದು ಕಲಿಸಿದವಳೇ ಈಗ ಬಾರದಂತೆ ಹಿಡಿದಿಟ್ಟುಕೊಂಡಿದ್ದೆ. ಅವಳಿಗೆ ಅದು ಹೇಗೆ ಕಂಡಿತೋ. ಎರಡು ವಾರ ಕಳೆದ ಮೇಲೆ ಎಳೆಯುವುದನ್ನು ಬಿಟ್ಟಳು.

ಅದಾದ ಸ್ವಲ್ಪ ದಿನಕ್ಕೆ, ಒಂದು ಸೋಮವಾರ ಬೆಳಗ್ಗೆ, ಅಕಿಕೊ ಬಾಗಿಲಲ್ಲೇ ಹೇಳಿದಳು: “ನಿನ್ನೆ ನನಗೆ ಮಾಡಿದ್ಲು! ಮೂರು ಸಲ!” ಅವಳ ಮುಖ ಬೆಳಗುತ್ತಿತ್ತು. ಸಂತೋಷವಾಯಿತು, ಖಂಡಿತ ಆಯಿತು. ಅವಳು ಹೋದ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮರುವರ್ಷದ ಬೇಸಿಗೆಯಲ್ಲಿ, ಅಕಿಕೊಳ ಕೆಲಸ ಮುಗಿದ ಮೇಲೆ, ಅವರು ಜಪಾನಿಗೆ ಹೊರಟರು. ಕೊನೆಯ ಸಂಜೆ ಅಕಿಕೊ ಮಗುವನ್ನು ನನ್ನ ಮಡಿಲಿಗೆ ಕೊಟ್ಟು, “ಮುಖದ ಹಾಡು, ಒಂದೇ ಸಲ, ನೀವು ಹಾಡಿ,” ಎಂದಳು. ಹಾಡು ನಾಲಿಗೆಯ ತುದಿಯಲ್ಲೇ ಇತ್ತು. ಕೈಗೂ ನೆನಪಿತ್ತು. “ಮರೆತೇಹೋಯ್ತಮ್ಮ,” ಎಂದೆ. ಅವಳು ನಂಬಿದಳು. ಪಕ್ಕದಲ್ಲಿ ಕೂತು, ಮಗುವನ್ನು ತನ್ನ ಕಡೆ ತಿರುಗಿಸಿಕೊಂಡು, ಹೊಸಬರಿಗೆ ಕಲಿಸುವ ಹಾಗೆ ಒಂದೊಂದೇ ಪದ ಬಿಡಿಸಿ ಹಾಡಿದಳು. ನಾನು ಹಿಂದಿನಿಂದ ಹೇಳಿಕೊಂಡೆ, ಎರಡು ಕಡೆ ಬೇಕೆಂದೇ ತಪ್ಪಿದೆ, ಅವಳು ತಿದ್ದಿದಳು. ಯೂನಾ ಉಸಿರು ಬಿಗಿಹಿಡಿದು ಅಮ್ಮನ ಬೆರಳನ್ನೇ ನೋಡುತ್ತಿದ್ದಳು. ಒಂದು ಸಲವೂ ನನ್ನ ಕಡೆ ತಿರುಗಲಿಲ್ಲ.