ಆ ಡಬ್ಬಿ ತಿಂದವನು ನಾನು

ಅತ್ತಿಗೆ, ನೀವು ಶ್ರೀಧರಣ್ಣನಿಗೆಂದು ದಿನವೂ ಕಟ್ಟಿಕೊಡುತ್ತಿದ್ದ ಡಬ್ಬಿಯನ್ನು ತಿಂದವನು ನಾನು. ಮೊಳಕೆ ಬಂದ ಹೆಸರುಕಾಳು, ಹೆಚ್ಚಿದ ಸೌತೆಕಾಯಿ, ಎಣ್ಣೆಯ ಮುಖ ಕಾಣದ ಹಾಗಲಕಾಯಿ ಪಲ್ಯ — ಒಂಬತ್ತು ತಿಂಗಳು ಅದೆಲ್ಲ ಹೋದದ್ದು ನನ್ನ ಹೊಟ್ಟೆಗೆ. ನಿಮ್ಮ ಗಂಡ ಅದನ್ನು ಮುಟ್ಟಲಿಲ್ಲ. ಬೆಳಗಿನ ವಾಕಿಂಗನ್ನೂ ಮಾಡಲಿಲ್ಲ. ಇದು ನನಗೆ ಗೊತ್ತಿತ್ತು, ನನಗೊಬ್ಬನಿಗೇ ಗೊತ್ತಿತ್ತು. ಆರು ವರ್ಷ ಬಾಯಿ ಬಿಡಲಿಲ್ಲ.

ನಿಮಗೆ ಗೊತ್ತಿರುವುದನ್ನೂ ಇಲ್ಲಿ ಮತ್ತೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮೊದಲಿನಿಂದ ಹೇಳದಿದ್ದರೆ ನಡುವೆ ಎಲ್ಲಾದರೂ ನುಣುಚಿಕೊಂಡುಬಿಡುತ್ತೇನೆ — ನನ್ನ ಬುದ್ಧಿ ನನಗೆ ಗೊತ್ತು.

ಆ ವರ್ಷ ಬ್ಯಾಂಕಿನಲ್ಲಿ ಎಲ್ಲರಿಗೂ ಆರೋಗ್ಯ ತಪಾಸಣೆ ಮಾಡಿಸಿದರಲ್ಲ, ಅಲ್ಲಿಂದ ಶುರು. ಈ ಬಂಗಾಳಿಗಳ ಊರಿನಲ್ಲಿ, ಬಿಬಿಡಿ ಬಾಗಿನ ನಮ್ಮ ಆಫೀಸಿನಲ್ಲಿ ಕನ್ನಡದವರು ನಾವಿಬ್ಬರೇ, ಹೊಟ್ಟೆ ಬಂದವರಲ್ಲೂ ನಾವಿಬ್ಬರೇ ಮುಂದು. ನಾನು ಪುತ್ತೂರಿನವ, ಎಂಬತ್ತನಾಲ್ಕು ಕಿಲೋ. ಉಡುಪಿಯ ಶ್ರೀಧರಣ್ಣ ನನಗಿಂತ ಮೂರು ವರ್ಷ ದೊಡ್ಡವರು, ತೊಂಬತ್ತೊಂದು ಕಿಲೋ. ಇಬ್ಬರಿಗೂ ಐವತ್ತರ ಆಸುಪಾಸು. ತೂಕ ಇಳಿಸಿ ಎಂದು ಚೀಟಿಯಲ್ಲಿ ಬರೆದು ಕೊಟ್ಟರು. ನಾನು ಆ ಚೀಟಿಯನ್ನು ಡ್ರಾಯರಿಗೆ ಹಾಕಿದೆ. ಅವರು ಪಾಪ, ನಿಮ್ಮ ಕೈಗೆ ಕೊಟ್ಟರು.

ಮರುದಿನವೇ ನಿಮ್ಮ ಮನೆಯಲ್ಲಿ ಅನ್ನ ಒಂದು ಸೌಟಿಗೆ ಇಳಿಯಿತು. ತೂಕದ ಯಂತ್ರ ಬಂತು. ಭಾನುವಾರ ಭಾನುವಾರ ಅವರನ್ನು ಅದರ ಮೇಲೆ ನಿಲ್ಲಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಬರೆಯತೊಡಗಿದಿರಿ. ಬೆಳಿಗ್ಗೆ ಆರಕ್ಕೆ ಅವರನ್ನು ಲೇಕಿನ ಸುತ್ತ ನಡೆಸಿಕೊಂಡು ಬರುವ ಕೆಲಸ ನನ್ನದಾಯಿತು. "ನೀನು ಇದ್ದಿ ಅಂತ ನನಗೆ ಧೈರ್ಯ ಸುರೇಶ" ಎಂದಿರಿ. ಆ ಮಾತು —

ಇರಲಿ.

ಮೊದಲ ವಾರ ಇಬ್ಬರೂ ನಡೆದೆವು. ಎರಡನೆಯ ವಾರ ಅವರು ಗೇಟಿನ ಬಳಿಯ ತಿಂಡಿ ಅಂಗಡಿಯ ಬೆಂಚಿನ ಮೇಲೆ ಕುಳಿತುಬಿಟ್ಟರು. "ನೀನು ಹೋಗಿ ಬಾ ಮಾರಾಯಾ, ನನ್ನ ಪಾಲಿಂದೂ ನೀನೇ ನಡಿ." ನಾನು ನಾಲ್ಕು ಸುತ್ತು ಹಾಕಿ ಏದುಸಿರು ಬಿಡುತ್ತ ಬರುವಷ್ಟರಲ್ಲಿ ಅವರು ನಾಲ್ಕು ಕೊಚುರಿ, ಆಲೂಗಡ್ಡೆ ಪಲ್ಯ, ಮೇಲೆ ಎರಡು ಜಿಲೇಬಿ ಮುಗಿಸಿ ಹಾಯಾಗಿ ಚಾ ಕುಡಿಯುತ್ತಿದ್ದರು. ಆಮೇಲೆ ಬೀದಿಯ ನಲ್ಲಿಯಲ್ಲಿ ಮುಖಕ್ಕೂ ಕುತ್ತಿಗೆಗೂ ನೀರು ಚಿಮುಕಿಸಿ, ಶರಟನ್ನು ಒಂದಿಷ್ಟು ಒದ್ದೆ ಮಾಡಿಕೊಳ್ಳುವುದು. ನೀವು ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿರುತ್ತಿದ್ದಿರಿ. ಆ ನಲ್ಲಿ ನೀರನ್ನು ಬೆವರೆಂದು ಒರೆಸುತ್ತಿದ್ದಿರಿ.

ಮಧ್ಯಾಹ್ನ ಆಫೀಸಿನ ಹಿಂದಿನ ಗಲ್ಲಿಯಲ್ಲಿ ಅವರಿಗೆ ಎಗ್ ರೋಲು, ಚೌಮೀನು. ನಿಮ್ಮ ಡಬ್ಬಿ ನನಗೆ. ನನ್ನ ಹೆಂಡತಿ ಕಟ್ಟಿದ ಅನ್ನ ಸಾರು ಮುಗಿಸಿ ಅದರ ಮೇಲೆ ಇದನ್ನೂ ತಿನ್ನುತ್ತಿದ್ದೆ. ಹಾಗೆ ತಿಂದರೆ ನನ್ನ ತೂಕ ಎಲ್ಲಿಂದ ಇಳಿಯಬೇಕು ಹೇಳಿ. ಇಬ್ಬರಿಗೂ ನಗು. ಹೆಂಡತಿಯ ಕಣ್ಣಿಗೆ ಮಣ್ಣೆರಚುವ ಗಂಡಸರ ಆಟ ಅದು, ಶಾಲೆ ತಪ್ಪಿಸಿದ ಖುಷಿ. ಅಲ್ಲಿಯವರೆಗೂ ಅದು ಬರೀ ತುಂಟತನ ಎಂದೇ ಇಟ್ಟುಕೊಳ್ಳಿ.

ಆದರೆ ಅವರ ತೂಕ ಇಳಿಯತೊಡಗಿತು ಅತ್ತಿಗೆ.

ಎಂಬತ್ತೇಳು. ಎಂಬತ್ತಮೂರು. ದುರ್ಗಾಪೂಜೆಯ ಹೊತ್ತಿಗೆ ಎಪ್ಪತ್ತಾರು. ಹಳೆಯ ಪ್ಯಾಂಟುಗಳನ್ನೆಲ್ಲ ದರ್ಜಿಗೆ ಕೊಟ್ಟು ಸೊಂಟ ಹಿಡಿಸಿದಿರಿ. ಪೆಂಡಾಲಿನಲ್ಲಿ ಕೇರಿಯ ಹೆಂಗಸರೆಲ್ಲ ನಿಮ್ಮನ್ನು ಸುತ್ತುವರಿದು, ಏನು ತಿನ್ನಿಸುತ್ತೀರಿ ಬೌದಿ ಎಂದು ಕೇಳಿದರು. ನೀವು ಮೆಂತ್ಯದ ನೀರಿನ ಅಳತೆ ಹೇಳುತ್ತಿದ್ದಿರಿ. ಅಷ್ಟು ಸಂತೋಷದ ಮುಖ ನಿಮ್ಮದು — ನಾನು ಆಚೆ ನೋಡಿದೆ.

ಶ್ರೀಧರಣ್ಣ ನನ್ನ ಕಿವಿಯಲ್ಲಿ, "ನಾನು ತಿಂತಾ ಇದ್ದೇನೆ, ತೂಕ ಇಳೀತಾ ಉಂಟು. ದೇವರ ದಯೆ ಅಂದ್ರೆ ಇದೇ ಅಲ್ವಾ ಮಾರಾಯಾ?" ಎಂದರು. ನಾನು ನಕ್ಕೆ. ಹೊಟ್ಟೆಕಿಚ್ಚಿನಿಂದ ನಕ್ಕೆ ಎಂದರೂ ಸರಿಯೇ. ದಿನಾ ನಾಲ್ಕು ಸುತ್ತು ನಡೆದವನು ನಾನು, ಕರಗಿದವರು ಅವರು. ಅವರದು ಮೋಸದ ತೂಕ ಎಂದು ನನಗೊಬ್ಬನಿಗೆ ಗೊತ್ತಿದೆಯಲ್ಲ ಎನ್ನುವುದೊಂದೇ ನನಗಿದ್ದ ಸಮಾಧಾನ. ಆ ಗುಟ್ಟು ನನಗೆ ರುಚಿಸುತ್ತಿತ್ತು.

ಅನುಮಾನ ಬಂದಿರಲಿಲ್ಲವೇ? ಬಂದಿತ್ತು. ಇಲ್ಲ ಎಂದು ಬರೆದರೆ ಈ ಕಾಗದಕ್ಕೆ ಅರ್ಥವಿಲ್ಲ. ಪುತ್ತೂರಿನಲ್ಲಿ ನನ್ನ ದೊಡ್ಡಪ್ಪ ಹೀಗೆಯೇ, ಮೂರು ಹೊತ್ತು ಉಂಡೂ ಉಂಡೂ ಸೊರಗಿಹೋದವರು. ಆಗ ನನಗೆ ಇಪ್ಪತ್ತು ವರ್ಷ, ಅವರನ್ನು ಎತ್ತಿ ಕೂರಿಸಿದ್ದೇನೆ. ಬೆಂಚಿನ ಮೇಲೆ ಕುಳಿತ ಶ್ರೀಧರಣ್ಣನ ಕತ್ತಿನ ಮೂಳೆ ಎದ್ದು ಕಂಡಾಗ ದೊಡ್ಡಪ್ಪನ ನೆನಪು ಬಂತು. ಬಂದದ್ದನ್ನು ಅಲ್ಲಿಯೇ ಅದುಮಿದೆ.

ದೀಪಾವಳಿಯ ಕಾಳಿಪೂಜೆ ಕಳೆದ ಮೇಲೆ ಅವರಿಗೆ ಬೆನ್ನುನೋವು, ಹೊಟ್ಟೆಯಲ್ಲಿ ಏನೋ ಸಂಕಟ. ಡಾಕ್ಟರ ಹತ್ತಿರ ಹೋಗುವಾಗ ಬಂಗಾಳಿ ಚೆನ್ನಾಗಿ ಬರುತ್ತದೆ ಎಂದು ನನ್ನನ್ನೂ ಕರೆದಿರಿ. ಡಾಕ್ಟರು ತೂಕ ನೋಡಿ ಹುಬ್ಬು ಗಂಟಿಕ್ಕಿದರು. ಇಷ್ಟು ಬೇಗ ಹದಿನೈದು ಕಿಲೋ ಇಳಿದದ್ದು ಹೇಗೆ ಎಂದರು. ನೀವು ಹೆಮ್ಮೆಯಿಂದ ಡಬ್ಬಿಯ ವಿಷಯ ಹೇಳಿದಿರಿ. ಅವರಿಗೆ ಪೂರ್ತಿ ಸಮಾಧಾನವಾಗಲಿಲ್ಲ. ನನ್ನ ಕಡೆ ತಿರುಗಿ, ನೀವು ಇವರ ಜೊತೆಗೆ ನಡೆಯುತ್ತೀರಾ, ಇವರು ನಿಜವಾಗಿ ನಡೆಯುತ್ತಾರಾ ಎಂದು ಕೇಳಿದರು.

ಶ್ರೀಧರಣ್ಣ ನನ್ನನ್ನು ನೋಡಿದರು. ನೀವೂ ನೋಡಿದಿರಿ.

"ಹೌದು ಡಾಕ್ಟರ್. ದಿನಾ ನಾಲ್ಕು ಸುತ್ತು."

ನಾನು ಹೇಳಿದ್ದು ಅಷ್ಟೇ. ಡಾಕ್ಟರು ತಲೆಯಾಡಿಸಿ, ಗ್ಯಾಸಿನ ಮಾತ್ರೆ, ಬೆನ್ನಿಗೆ ಮುಲಾಮು ಬರೆದರು. ಅವರದೇನೂ ತಪ್ಪಿಲ್ಲ. ಪಕ್ಕದಲ್ಲೇ ನಡೆಯುವವನು ಸಾಕ್ಷಿ ಹೇಳಿದ ಮೇಲೆ ಅವರು ತಾನೇ ಏನು ಮಾಡಿಯಾರು? ಹೊರಗೆ ಬಂದು ರಿಕ್ಷಾ ಹತ್ತುವಾಗ ಶ್ರೀಧರಣ್ಣ ನನ್ನ ಕೈ ಅದುಮಿ, "ಬಚಾವ್ ಮಾಡಿದಿ" ಎಂದರು.

ಮೂರು ತಿಂಗಳು ಕಳೆದು, ಇಲ್ಲಿ ಮಾಘದಲ್ಲಿ ಬರುವ ಸರಸ್ವತಿ ಪೂಜೆಯ ಹೊತ್ತಿಗೆ ಅವರ ಕಣ್ಣು ಹಳದಿಯಾಯಿತು. ಮೇದೋಜೀರಕದ ಕ್ಯಾನ್ಸರ್. ಮೂರು ತಿಂಗಳು ಮೊದಲೇ ಗೊತ್ತಾಗಿದ್ದರೆ ಏನಾದರೂ ಆಗುತ್ತಿತ್ತೇ — ಆ ರೋಗ ಯಾರಿಗೂ ಬೇಗ ಸಿಕ್ಕಿಬೀಳುವುದಿಲ್ಲ ಎನ್ನುತ್ತಾರೆ. ಎನ್ನಲಿ. ನಾನು ಆ ಮಾತಿನ ಹಿಂದೆ ಅಡಗಿಕೊಳ್ಳುವುದಿಲ್ಲ. ಆ ಮೂರು ತಿಂಗಳು ಅವರದಾಗಿತ್ತು, ನಿಮ್ಮದಾಗಿತ್ತು. ಅದನ್ನು ನಾನು ಒಂದು ಮಾತಿನಲ್ಲಿ ಕಳೆದೆ.

ಆಸ್ಪತ್ರೆಯಲ್ಲಿ ಒಮ್ಮೆ ನೀವು ನೀರು ತರಲು ಹೋದಾಗ ಅವರು, "ಅವಳಿಗೆ ಡಬ್ಬಿ ವಿಷಯ ಹೇಳ್ಬೇಡ ಆಯ್ತಾ, ಬೇಜಾರ್ ಮಾಡ್ತಾಳೆ" ಎಂದರು. ಆ ಮಾತನ್ನೇ ಆರು ವರ್ಷ ಹೊದ್ದುಕೊಂಡು ಮಲಗಿದೆ. ಕೊಟ್ಟ ಮಾತು ಉಳಿಸಿಕೊಳ್ಳುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಡಬ್ಬಿಯ ವಿಷಯ ಹೇಳಿದರೆ ಡಾಕ್ಟರ ಎದುರು ಹೇಳಿದ್ದೂ ಹೊರಗೆ ಬರುತ್ತದೆ, ಅದೇ ಭಯ.

ಅವರು ಹೋದ ಹದಿಮೂರನೆಯ ದಿನ ಒಲೆಯ ಮುಂದೆ ಕುಳಿತು ನೀವು ಅಂದದ್ದನ್ನು ನಾನು ಕೇಳಿಸಿಕೊಂಡಿದ್ದೇನೆ. "ಇನ್ನೊಂದು ಸೌಟು ಹಾಕು ಅಂತಿದ್ರು. ನಾನು ಹಾಕ್ಲಿಲ್ಲ ಸುರೇಶ. ಹಸಿದುಕೊಂಡೇ ಹೋದ್ರು." ಅಂದೇ ಹೇಳಬೇಕಿತ್ತು. ಬಾಳೆಎಲೆ ಎತ್ತುವ ನೆಪದಲ್ಲಿ ಎದ್ದುಹೋದೆ. ನೀವು ಅವತ್ತಿನಿಂದ ಅನ್ನ ಬಿಟ್ಟಿರಿ. ಆರು ವರ್ಷ — ಬಿಸಿತುಪ್ಪ ಬಾಯಲ್ಲಿ ಇಟ್ಟುಕೊಂಡವನ ಹಾಗೆ, ನುಂಗಲೂ ಇಲ್ಲ, ಉಗುಳಲೂ ಇಲ್ಲ.

ಹೋದ ವಾರ ನನಗೆ ಸಕ್ಕರೆ ಕಾಯಿಲೆ ಬಂದಿದೆ, ಹತ್ತು ಕಿಲೋ ಇಳಿಸಬೇಕಂತೆ ಎಂದು ನನ್ನ ಹೆಂಡತಿ ನಿಮಗೆ ಹೇಳಿದಳು. ಸಂಜೆಯೇ ನೀವು ದೊಡ್ಡ ಕ್ಯಾರಿಯರಿನಲ್ಲಿ ಅನ್ನ, ಕೊದ್ದೆಲು, ಪಾಯಸ ಹೊತ್ತುಕೊಂಡು ಮೂರು ಮಹಡಿ ಹತ್ತಿ ಬಂದಿರಿ. "ಯಾರು ಹೇಳಿದ್ರೂ ಅನ್ನ ಬಿಡ್ಬೇಡ ಸುರೇಶ. ಒಬ್ಬರನ್ನು ಉಪವಾಸ ಕೆಡವಿ ಕೊಂದದ್ದು ಸಾಕು ನನಗೆ." ಎದುರು ಕುಳಿತು ಬಡಿಸಿದಿರಿ. ನಾನು ಉಂಡೆ. ಆಗಲೂ ಹೇಳಲಾಗಲಿಲ್ಲ. ನಿಮ್ಮ ಅನ್ನವೇ ಬಾಯಿಯ ತುಂಬ ಇತ್ತು.

ನಾಳೆ ಭಾನುವಾರ. ಈ ಕಾಗದವನ್ನು ಯಾರ ಕೈಯಲ್ಲೂ ಕಳಿಸುವುದಿಲ್ಲ. ನಾನೇ ತರುತ್ತೇನೆ. ನೀವು ಓದಿ ಮುಗಿಸುವ ತನಕ ಎದುರಿಗೆ ನಿಂತಿರುತ್ತೇನೆ. ಬಯ್ಯಿರಿ, ಬಾಗಿಲು ಹಾಕಿಕೊಳ್ಳಿ. ಸತ್ತವರ ಮೇಲೂ ಸಿಟ್ಟು ಬರಬಹುದು, ಅವರೂ ನಿಮಗೆ ಸುಳ್ಳು ಹೇಳಿದವರೇ. ಕ್ಷಮೆ ಕೇಳುವುದಿಲ್ಲ, ಕೇಳುವ ಮುಖ ನನಗಿಲ್ಲ. ನನ್ನ ಮಾತು ನಂಬಿ ಒಮ್ಮೆ ಕೆಟ್ಟಿರಿ. ಇನ್ನೊಂದೇ ಒಂದು ಸಲ ನಂಬಿ.

ಅವರು ಹೊಟ್ಟೆ ತುಂಬ ತಿಂದರು ಅತ್ತಿಗೆ. ದಿನಾ ತಿಂದರು, ನಗುತ್ತ ತಿಂದರು. ನೀವು ಅವರನ್ನು ಒಂದು ದಿನವೂ ಹಸಿವಿನಲ್ಲಿಡಲಿಲ್ಲ.