ಬೀಳಬೇಡಿ ಎನ್ನುತ್ತಿದ್ದ ಪಿ.ಟಿ. ಟೀಚರ್

ನಮ್ಮ ಪಿ.ಟಿ. ಟೀಚರ್ ಕೊರಳಿನ ಕರಿಮಣಿ ಸರದಲ್ಲಿ ತಾಳಿಯ ಪಕ್ಕಕ್ಕೇ ಒಂದು ಸ್ಟೀಲಿನ ಸೀಟಿ ನೇತಾಡುತ್ತಿತ್ತು. ಓಡುವಾಗ ಎರಡೂ ಒಂದಕ್ಕೊಂದು ತಾಗಿ ಟಿಣ್ ಟಿಣ್ ಎನ್ನುತ್ತಿದ್ದವು. ಬೆಳಿಗ್ಗೆ ಮೂರು ಬೆರಳಿನಲ್ಲಿ ಬಳಿದ ವಿಭೂತಿ ಪ್ರಾಕ್ಟೀಸ್ ಮುಗಿಯುವಷ್ಟರಲ್ಲಿ ಬೆವರಿನ ಜೊತೆ ಹುಬ್ಬಿಗೆ ಇಳಿದಿರುತ್ತಿತ್ತು. ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಗಂಡನ ಹಳೆಯ ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದ ಆ ಹೆಂಗಸನ್ನು ಮೊದಲ ಸಲ ನೋಡಿದಾಗ ನಾನು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದೆ. ನಕ್ಕದ್ದಕ್ಕೆ ಶಿಕ್ಷೆಯಾಗಿ ನನ್ನನ್ನು ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಮಾಡಿದರು. "ನಗೋರು ಒಂದ್ಕಡೆ ನಿಂತ್ಕೊಂಡಿರ್ಲಿ" ಅಂದರು.

ನಮ್ಮದು ಪೀಣ್ಯದ ಶೆಡ್ಡುಗಳ ನಡುವೆ ಸಿಕ್ಕಿಕೊಂಡಿದ್ದ ಒಂದು ಕನ್ನಡ ಹೈಸ್ಕೂಲು. ಟೀಚರ್ ದಾವಣಗೆರೆ ಕಡೆಯವರು. ಆಡಳಿತ ಮಂಡಳಿಯವರು ವರ್ಷ ವರ್ಷ ಮುಂದುವರಿಸುತ್ತಿದ್ದ ನೌಕರಿ ಅವರದು, ಕಾಯಂ ಅಲ್ಲ. ಅವರ ಗಂಡ ಮೈದಾನದ ಆಚೆಗಿದ್ದ ಕಾರ್ಖಾನೆಯೊಂದರ ಗೇಟಿನಲ್ಲಿ ವಾಚ್‌ಮನ್. ಮಕ್ಕಳಿರಲಿಲ್ಲ. ಗಂಡನನ್ನು ನಮ್ಮ ಮುಂದೆ 'ನಿಮ್ಮ ಸಾರ್' ಎಂದು ಕರೆಯುತ್ತಿದ್ದರು, ಆತ ಯಾವುದೋ ಶಾಲೆಯಲ್ಲಿ ಪಾಠ ಹೇಳುತ್ತಾರೇನೋ ಎಂಬ ಹಾಗೆ.

ಮೈದಾನ ಅಂದೆ, ನಿಜವಾಗಿ ಅದು ಲಾರಿ ನಿಲ್ಲುವ ಬಯಲು. ಲಾರಿಗಳು ಲೋಡಿಗೆ ಹೊರಟ ಮೇಲೆ ಅದು ನಮ್ಮದು. ಲೇತ್ ಯಂತ್ರಗಳಿಂದ ಸುರುಳಿ ಸುರುಳಿಯಾಗಿ ಉದುರುವ ಕಬ್ಬಿಣದ ಚೂರುಗಳನ್ನು ಗುಜರಿಗೆ ಸಾಗಿಸುವಾಗ ಅರ್ಧ ಅಲ್ಲೇ ಚೆಲ್ಲುತ್ತಿತ್ತು. ಟೀಚರ್ ಎಲ್ಲಿಂದಲೋ ಒಂದು ದೊಡ್ಡ ಸ್ಪೀಕರಿನ ಅಯಸ್ಕಾಂತ ತಂದು, ಅದಕ್ಕೆ ಹಗ್ಗ ಕಟ್ಟಿ, ದಿನಾ ಬೆಳಿಗ್ಗೆ ಬಯಲಿನ ಈ ತುದಿಯಿಂದ ಆ ತುದಿಗೆ ಎಳೆಯುತ್ತಿದ್ದರು. ತುದಿ ಮುಟ್ಟುವಷ್ಟರಲ್ಲಿ ಅಯಸ್ಕಾಂತಕ್ಕೆ ಗಡ್ಡ ಬೆಳೆದಿರುತ್ತಿತ್ತು. "ಮನೇಲಿ ನಿಮ್ಮ ಸಾರ್ ಗುಡಿಸ್ತಾರೆ ಕಣ್ರೇ. ಇಲ್ಲಿ ಮಹಾರಾಣೀರಿಗೋಸ್ಕರ ನಾನು ಗುಡಿಸ್ಬೇಕು" ಎಂದು ಗೊಣಗುತ್ತ ಆ ಗಡ್ಡವನ್ನು ಕೆರೆದು ಡಬ್ಬಕ್ಕೆ ಹಾಕುತ್ತಿದ್ದರು.

ಎಷ್ಟು ಎಳೆದರೂ ಚೂರು ಉಳಿಯುತ್ತಿತ್ತು. ಎಂಟನೇ ತರಗತಿಯ ಹುಡುಗಿಯೊಬ್ಬಳು ಚೆಂಡಿನ ಹಿಂದೆ ಓಡಿ ಮುಗ್ಗರಿಸಿ ಮಂಡಿ ಸೀಳಿಸಿಕೊಂಡಳು. ಅವಳ ತಾಯಿ ಗಾರ್ಮೆಂಟ್ಸ್ ಕೆಲಸ ಅರ್ಧಕ್ಕೆ ಬಿಟ್ಟು ಬಂದು, ಟೀಚರ್ ಅವರನ್ನು ಎಲ್ಲರೆದುರು ಬಾಯಿಗೆ ಬಂದಂತೆ ಬೈದರು. ಟೀಚರ್ ತಲೆ ತಗ್ಗಿಸಿ ಕೇಳಿಸಿಕೊಂಡರು. ಮಾರನೆಯ ದಿನದಿಂದ ನಮ್ಮ ತಂಡಕ್ಕೆ ಒಂದೇ ನಿಯಮ: ಬೀಳಬಾರದು. "ಚೆಂಡು ಹೋದ್ರೆ ಹೋಗ್ಲಿ. ನೀವು ಬೀಳ್ಬೇಡಿ. ಬಿದ್ರೆ ನಿಮ್ಮಪ್ಪ ಅಮ್ಮಂಗೆ ನಾನೇನ್ ಹೇಳ್ಲಿ?" ಬೀಳುವ ಹಾಗೆ ಕಂಡರೆ ಸಾಕು, ಸೀಟಿ ಊದಿ ಆಟ ನಿಲ್ಲಿಸಿಬಿಡುತ್ತಿದ್ದರು. ನಾವು ನಿಂತೇ ಆಡುವುದನ್ನು ಕಲಿತೆವು. ನಾನು ಕಾಲಿನಲ್ಲಿ, ಮಂಡಿಯಲ್ಲಿ, ಎದೆಯಲ್ಲಿ ಗೋಲು ತಡೆಯುತ್ತಿದ್ದೆ. ಮಗ್ಗುಲಿಗೆ ಹಾರುವುದು ಅಂತ ಒಂದಿದೆ ಎನ್ನುವುದೇ ನನ್ನ ಮೈಗೆ ಗೊತ್ತಿರಲಿಲ್ಲ.

ಹತ್ತನೇ ತರಗತಿಯವರನ್ನು ಹೆಡ್‌ಮಾಸ್ಟರು ಆಟಕ್ಕೆ ಬಿಡುತ್ತಿರಲಿಲ್ಲ. ರಿಸಲ್ಟ್ ಕೆಟ್ಟರೆ ಯಾರು ಹೊಣೆ? ಹಾಗಾಗಿ ನಮ್ಮದು ಎಂಟು, ಒಂಬತ್ತರ ಚಿಳ್ಳೆಪಿಳ್ಳೆಗಳ ತಂಡ. ಆ ವರ್ಷ ವಲಯ ಮಟ್ಟದಲ್ಲಿ ಆಡಲು ಹೋದಾಗ ಎದುರು ತಂಡದವರು ನಮ್ಮನ್ನು ನೋಡಿ, "ಪ್ರೈಮರಿ ಮ್ಯಾಚು ನಾಳೆ ಅಲ್ವಾ?" ಎಂದು ಕೇಳಿದರು. ಕಲ್ಲುಮಣ್ಣಿನ ಅಂಗಳ ಅದು. ಅವರು ಜಾರಿ, ಬಿದ್ದು, ಚರ್ಮ ಕಿತ್ತುಕೊಂಡು ಅಳುತ್ತಿದ್ದಾಗ ನಾವು ನೆಟ್ಟಗೆ ನಿಂತಿದ್ದೆವು. ಗೆದ್ದೆವು. ತಾಲ್ಲೂಕು ಮಟ್ಟದಲ್ಲೂ ಗೆದ್ದೆವು. ಟೀಚರ್ ಎಲ್ಲರಿಗೂ ಕಬ್ಬಿನ ಹಾಲು ಕುಡಿಸಿದರು.

ಬೇರೆಯವರಿಗೆ ಅದು ಆಟ. ನನಗೆ ಅಷ್ಟೇ ಆಗಿರಲಿಲ್ಲ. ನಾವು ಯಾದಗಿರಿ ಕಡೆಯವರು. ಅಪ್ಪ ಕಟ್ಟಡಗಳಿಗೆ ಬಣ್ಣ ಹೊಡೆಯುತ್ತಿದ್ದ. ಒಂದು ದೊಡ್ಡ ಅಪಾರ್ಟ್‌ಮೆಂಟು ಏಳುತ್ತಿದ್ದ ಸೈಟಿನಲ್ಲೇ ನಮ್ಮ ತಗಡಿನ ಮನೆ. ಬಣ್ಣ ಎಂದರೆ ಕಟ್ಟಡದ ಕೊನೆಯ ಕೆಲಸ. ಬಣ್ಣ ಮುಗಿದರೆ ಲಾರಿ ಬರುತ್ತದೆ, ಗುತ್ತಿಗೆದಾರ ಹೇಳಿದ ಊರಿಗೆ ಹೋಗಬೇಕು. ಈ ಸಲ ಪುಣೆ ಎಂದು ಮಾತಾಗಿತ್ತು. ಇದೇ ರೀತಿ ಊರು ಬದಲಾದಾಗ ನನ್ನ ಅಕ್ಕನ ಶಾಲೆ ನಿಂತಿತ್ತು. ಅವಳು ಆಗ ಅದೇ ಸೈಟಿನಲ್ಲಿ ಸಿಮೆಂಟಿನ ಬಾಂಡ್ಲಿ ಹೊರುತ್ತಿದ್ದಳು. ಮುಂದೆ ನನ್ನ ತಲೆಗೂ ಅದೇ ಬಾಂಡ್ಲಿ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಇದು ತಿಳಿದ ದಿನವೇ ಟೀಚರ್ ಸೈಟಿಗೆ ಬಂದರು. ಅಪ್ಪ ಮೇಲಿನಿಂದ ಇಳಿಬಿಟ್ಟ ಹಗ್ಗದ ಜೋಲಿಯ ಮೇಲೆ ಕೂತು ಗೋಡೆಗೆ ಬಣ್ಣ ಬಳಿಯುತ್ತಿದ್ದ. ಅವನು ಇಳಿದು ಬರುವವರೆಗೂ ಕಾಯದೆ ಕೆಳಗಿನಿಂದಲೇ ಕೂಗಿದರು. "ಜಿಲ್ಲೆ ಗೆದ್ದು ವಿಭಾಗ ಮಟ್ಟಕ್ಕೆ ಹೋದ್ರೆ ಸ್ಪೋರ್ಟ್ಸ್ ಹಾಸ್ಟೆಲಿನೋರು ನೋಡೋಕ್ಕೆ ಬರ್ತಾರೆ. ಇವಳಿಗೆ ಸೀಟು ಸಿಕ್ಕೇ ಸಿಗತ್ತೆ. ಊಟ, ಓದು ಎಲ್ಲ ಅಲ್ಲೇ. ಅಲ್ಲಿವರ್ಗೂ ಸ್ವಲ್ಪ ನಿಧಾನವಾಗಿ ಬಣ್ಣ ಹೊಡಿಯಪ್ಪಾ."

ಅಪ್ಪನಿಗೆ ನಗು ಬಂತು. "ನಾ ನಿಧಾನ ಹೊಡದ್ರ ಬ್ಯಾರೆದಾಂವ ಜಲ್ದಿ ಹೊಡೀತಾನ್ರಿ ಟೀಚರ್. ಕಟ್ಟಡ ನಿಲ್ಲಂಗಿಲ್ರಿ."

ಅಂದಿನಿಂದ ನಾನು ಕಣ್ಣಿಗೆ ಬಿದ್ದ ಗೋಡೆಗಳನ್ನೆಲ್ಲ ದ್ವೇಷಿಸತೊಡಗಿದೆ. ಒಂದು ಮಹಡಿ ಬೆಳ್ಳಗಾದರೆ ಇನ್ನೆಷ್ಟು ಉಳಿದಿವೆ ಎಂದು ಎಣಿಸುತ್ತಿದ್ದೆ. ಮಳೆ ಬಂದು ಬಣ್ಣದ ಕೆಲಸ ನಿಂತರೆ ಒಳಗೊಳಗೇ ಖುಷಿ. ಅದೇ ಮಳೆಗೆ ಅಪ್ಪನ ಕೂಲಿಯೂ ನಿಲ್ಲುತ್ತಿತ್ತು, ರಾತ್ರಿ ಬರೀ ಗಂಜಿ. ಆದರೂ ಮಳೆ ಬರಲಿ ಎಂದೇ ಬೇಡಿಕೊಳ್ಳುತ್ತಿದ್ದೆ.

ಆಯುಧಪೂಜೆಗೆ ಪೀಣ್ಯದ ಯಂತ್ರಗಳೆಲ್ಲ ಹೂವು ಮುಡಿದು ಸುಮ್ಮನಾದಾಗ ಟೀಚರ್ ನಮ್ಮ ಆಯುಧಗಳನ್ನೂ ಸಾಲಾಗಿ ಇಟ್ಟರು: ಒಂದು ಚೆಂಡು, ಅಯಸ್ಕಾಂತ, ಸೀಟಿ. ಮೂರಕ್ಕೂ ಅರಿಶಿನ ಕುಂಕುಮ. ಬೂದುಗುಂಬಳಕಾಯಿ ಒಡೆದದ್ದು ಗೋಲ್ ಕಂಬದ ಬುಡದಲ್ಲಿ. ಆಮೇಲೆ ಮರೆತು ಅದೇ ಸೀಟಿ ಊದಿದರು. ತುಟಿ, ಗಲ್ಲ ಎಲ್ಲ ಕೆಂಪಾಗಿ, ನಾವು ನಕ್ಕು ನಕ್ಕು ಸುಸ್ತಾದೆವು. ಅವರು ನಗಲಿಲ್ಲ. ಕಣ್ಣು ಮುಚ್ಚಿ, "ಒಂದೇ ಒಂದು ತಿಂಗಳು ಕೊಡಪ್ಪಾ" ಎಂದು ಬೇಡುತ್ತಿದ್ದರು. ಯಾರಿಗಾಗಿ ಎಂದು ನನಗೆ ಗೊತ್ತಿತ್ತು.

ಜಿಲ್ಲಾ ಮಟ್ಟದ ಸೆಮಿಫೈನಲ್ ಕೂಡ ಗಟ್ಟಿ ನೆಲದಲ್ಲೇ ನಡೆದು, ಹೇಗೋ ಒಂದು ಗೋಲಿನಲ್ಲಿ ಗೆದ್ದೆವು. ಅಲ್ಲೇ ಪಕ್ಕದ ಹುಲ್ಲಿನ ಮೈದಾನದಲ್ಲಿ ಇನ್ನೊಂದು ಸೆಮಿಫೈನಲ್ ನಡೆಯುತ್ತಿತ್ತು. ಆ ತಂಡಗಳ ಗೋಲ್‌ಕೀಪರುಗಳು ಎಡಕ್ಕೆ ಹಾರಿ, ಬಲಕ್ಕೆ ಹಾರಿ, ಮೈಯುದ್ದ ಬಿದ್ದು ಚೆಂಡು ಹಿಡಿಯುತ್ತಿದ್ದರು. ಫೈನಲ್ ಅದೇ ಹುಲ್ಲಿನ ಮೇಲೆ. ಟೀಚರ್ ಆ ಕಡೆ ನೋಡಿ, "ಅಯ್ಯೋ ಶಿವನೇ, ನಾನು ಇವಳಿಗೆ ಬೀಳೋದೇ ಹೇಳ್ಕೊಟ್ಟಿಲ್ವಲ್ಲೇ" ಎಂದು ಪಕ್ಕದಲ್ಲಿದ್ದ ಹುಡುಗಿಯ ಭುಜ ಹಿಡಿದರು.

ಫೈನಲಿಗೆ ಉಳಿದಿದ್ದ ಕೆಲವೇ ದಿನಗಳಲ್ಲಿ ಅವರು ಪಟ್ಟ ಪಾಡು ನೆನೆದರೆ ಈಗಲೂ ಸಂಕಟವಾಗುತ್ತದೆ. ಮನೆಯಿಂದ ಹಾಸಿಗೆ ಹೊತ್ತು ತಂದು ಗೋಲಿನ ಮುಂದೆ ಹಾಸಿದರು. ಗೋಣಿಚೀಲ ಹೊದಿಸಿದರು. "ಬೀಳು" ಅಂದರು. ನಾನು ನಿಧಾನವಾಗಿ ಮಂಡಿಯೂರಿ, ಕೈಯೂರಿ, ಮಲಗುತ್ತಿದ್ದೆ. "ಮಲಗ್ಬೇಡ್ವೇ, ಬೀಳೇ!" ತಾವೇ ಬಿದ್ದು ತೋರಿಸಿದರು, ಸೀರೆಯುಟ್ಟುಕೊಂಡು, ಆ ವಯಸ್ಸಿನಲ್ಲಿ. ಹಿಂದಿನಿಂದ ಬಂದು ತಳ್ಳಿದರು. ತಳ್ಳಿದರೂ ನನ್ನ ಕಾಲು ಓಡಿಬಂದು ನನ್ನನ್ನು ಹಿಡಿದು ನಿಲ್ಲಿಸಿಬಿಡುತ್ತಿತ್ತು. ಕಾಂಪೌಂಡಿನ ಆಚೆಯಿಂದ ಹೆಡ್‌ಮಾಸ್ಟರು ನೋಡಿ, "ಯುದ್ಧಕಾಲೇ ಶಸ್ತ್ರಾಭ್ಯಾಸ ಆಯ್ತಲ್ಲ ಮೇಡಂ" ಅಂದರು. ಟೀಚರ್ ಹಾಸಿಗೆಯ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅತ್ತ ಸೈಟಿನಲ್ಲಿ ಹೊರಗೋಡೆಯ ಕೆಲಸ ಮುಗಿದು, ಅಪ್ಪ ಗ್ರಿಲ್ಲುಗಳಿಗೆ ಕೈ ಹಾಕಿದ್ದ.

ಫೈನಲಿನಲ್ಲಿ ನಮ್ಮ ಹುಡುಗಿಯರು ಜೀವ ತೇಯ್ದು ಆಡಿದರು. ನಾವೊಂದು, ಅವರೊಂದು ಗೋಲು. ಸಮಯ ಮುಗಿದು ಪೆನಾಲ್ಟಿಗೆ ಬಂತು. ಅಂದರೆ ಅವರಲ್ಲಿ ಒಬ್ಬೊಬ್ಬರೇ ಬಂದು ಒದೆಯುವುದು, ನಾನೊಬ್ಬಳೇ ತಡೆಯುವುದು. ನೇರ ಬಂದ ಎರಡನ್ನು ಎದೆಯಲ್ಲೇ ತಡೆದೆ. ಅವರ ಕೀಪರ್ ಹಾರಿ ನಮ್ಮವೆರಡನ್ನು ಹಿಡಿದಳು. ಐದೈದು ಒದೆತದ ಮೊದಲ ಸುತ್ತು ಸಮ ಆಯಿತು, ಇನ್ನು ತಲಾ ಒಂದೊಂದೇ. ಮುಂದಿನದರಲ್ಲಿ ನಮ್ಮವಳು ಒದ್ದದ್ದು ಕಂಬಕ್ಕೆ ಬಡಿದು ಹಿಂದೆ ಬಂತು. ಇನ್ನು ಅವರದನ್ನು ನಾನು ತಡೆದರೆ ಉಳಿವು, ಬಿಟ್ಟರೆ ಮುಗಿಯಿತು.

ಆ ಹುಡುಗಿ ಒದ್ದಳು. ಚೆಂಡು ಬಲಗಡೆ ಬರುತ್ತಿದೆ ಎಂದು ನನಗೆ ಕಂಡಿತು. ನಿಜಕ್ಕೂ ಕಂಡಿತು. ಅದೇನೂ ಅಂಥ ವೇಗದ್ದಲ್ಲ. ಟೀಚರ್ ಕಿರುಚಿದ್ದು ಮೈದಾನಕ್ಕೆಲ್ಲ ಕೇಳಿತು: "ಬೀಳೇ! ಬಿದ್ಬಿಡೇ ನನ್ನವ್ವಾ!" ಬೀಳಲು ಮೈ ಬಾಗಿಸಿದೆ. ಬೀಳುವ ಮುಂಚೆ, ದಿನಾ ಬಯಲಿನಲ್ಲಿ ಮಾಡುತ್ತಿದ್ದ ಹಾಗೆ, ಕೆಳಗೆ ಕಬ್ಬಿಣದ ಚೂರಿದೆಯೇ ಎಂದು ಒಮ್ಮೆ ನೆಲ ನೋಡಿದೆ. ಮೆತ್ತಗಿನ ಹಸಿರು ಹುಲ್ಲಿತ್ತು. ತಲೆ ಎತ್ತುವಷ್ಟರಲ್ಲಿ ಚೆಂಡು ಬಲೆಯಲ್ಲಿತ್ತು.

ಅವರು ಕುಣಿಯುತ್ತಿದ್ದರು. ನಾನು ನಿಂತೇ ಇದ್ದೆ. ಟೀಚರ್ ಬಂದು ನನ್ನ ಎರಡೂ ಕೆನ್ನೆ ಹಿಡಿದುಕೊಂಡರು. "ನಿಂದಲ್ಲ ಕಣೇ ತಪ್ಪು. ನಂದು. ಬೀಳ್ಬೇಡ ಅಂತ ನಿನ್ನ ಮೈಗೆಲ್ಲ ಹೇಳ್ಕೊಟ್ಟೋಳು ನಾನು."

ಆ ಸಂಜೆಯೇ ಟೀಚರ್ ಸೈಟಿಗೆ ಬಂದು ಅಪ್ಪನ ಮುಂದೆ ಕೈ ಮುಗಿದರು. ಹುಡುಗಿಯನ್ನು ನಮ್ಮ ಮನೆಯಲ್ಲಿ ಬಿಡು, ಎಸ್ಸೆಸ್ಸೆಲ್ಸಿ ಮುಗಿಸಿ ಕಳಿಸುತ್ತೇನೆ ಅಂದರು. ಅಪ್ಪ ಗಡುಸಾಗಿ ಹೇಳಲಿಲ್ಲ, ಆದರೆ ಸ್ಪಷ್ಟವಾಗಿ ಹೇಳಿದ. "ನೀವು ದೇವರಂಥವ್ರು ಅದೀರಿ. ಆದ್ರ ಬೆಳದ ಮಗಳನ್ನ ಬ್ಯಾರೆದವರ ಮನ್ಯಾಗ ಬಿಟ್ಟು ನಾ ಹ್ಯಾಂಗ ಹೋಗ್ಲಿ? ಊರಾಗ ಮಾರಿ ತೋರಸ್ಬೇಕಲ್ರಿ."

ಆಮೇಲೆ ಟೀಚರ್ ಪೀಣ್ಯದ ಒಂದೊಂದೇ ಗೇಟು ತಟ್ಟಿದರು. ಅಪ್ಪನಿಗೊಂದು ಕೆಲಸ, ತಲೆಯ ಮೇಲೊಂದು ಸೂರು ಸಿಕ್ಕರೆ ನಾವು ಇಲ್ಲೇ ಉಳಿಯುತ್ತೇವೆ ಎಂಬ ಲೆಕ್ಕ ಅವರದು. ತಂಡದ ಹುಡುಗಿಯರು ನೋಡಿ ಬಂದು ನನಗೆ ಹೇಳುತ್ತಿದ್ದರು: ಟೀಚರ್ ಬಿಸಿಲಲ್ಲಿ ಆ ಗೇಟಿನಲ್ಲಿ ನಿಂತಿದ್ದರು, ಈ ಗೇಟಿನಲ್ಲಿ ಅವರನ್ನು ಒಳಗೇ ಬಿಡಲಿಲ್ಲ. ಸ್ವಂತಕ್ಕೆ ಒಂದು ಲೋಟ ನೀರನ್ನೂ ಕೇಳದ ಹೆಂಗಸು. ಎಲ್ಲ ಕಡೆ ಒಂದೇ ಉತ್ತರ, ಕೆಲಸ ಇಲ್ಲ. ನನಗೆ ಆಸೆ ಸತ್ತುಹೋಯಿತು. ಪುಸ್ತಕಗಳನ್ನು ತಂಡದ ಹುಡುಗಿಯೊಬ್ಬಳಿಗೆ ಕೊಟ್ಟುಬಿಟ್ಟೆ.

ಟೀಚರ್ ಹೋದ ವರ್ಷ ತೀರಿಕೊಂಡರು. ಅವರ ಕಡೆಯ ಪದ್ಧತಿಯಂತೆ ಕೂರಿಸಿ, ವಿಭೂತಿ ಬಳಿದು, ಹೂವಿನಲ್ಲಿ ಮುಚ್ಚಿದ್ದರು. ನಾನು ಈಗ ಪೀಣ್ಯದಲ್ಲೇ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಅಳೆದು ಪಾಸು ಮಾಡುವ ಕೆಲಸದಲ್ಲಿದ್ದೇನೆ, ಡಿಪ್ಲೊಮಾ ಓದಿದೆ. ಆಟಗಾರ್ತಿಯೇನೂ ಆಗಲಿಲ್ಲ. ಅವರ ಪಾದ ಮುಟ್ಟಿದಾಗ ನನಗೆ ಗೆದ್ದ ಪಂದ್ಯಗಳಾಗಲಿ, ಸೋತ ಫೈನಲಾಗಲಿ ನೆನಪಾಗಲಿಲ್ಲ. ನಾವು ಊರು ಬಿಡಬೇಕಿದ್ದ ಆ ಬೆಳಿಗ್ಗೆ ನೆನಪಾಗಿ, ತಡೆಯಲಾರದೆ ಅತ್ತುಬಿಟ್ಟೆ.

ಅಂದು ಲಾರಿ ಬಂದು ನಿಂತಿತ್ತು. ತಗಡು ಬಿಚ್ಚಿಯಾಗಿತ್ತು, ಪಾತ್ರೆಪಗಡ, ಹಾಸಿಗೆ, ಗಂಟು ಎಲ್ಲ ಮೇಲೇರಿತ್ತು. ಅಕ್ಕ ಆಗಲೇ ಹತ್ತಿ ಕೂತಿದ್ದಳು. ಆಗ ಟೀಚರ್ ಗಂಡನನ್ನು ಕರೆದುಕೊಂಡು ಬಂದರು. ಆತ ವಾಚ್‌ಮನ್ ಅಂಗಿಯಲ್ಲೇ ಇದ್ದರು, ಒಂದು ಕೈ ಮಂಡಿಯ ಮೇಲೆ, ಕುಂಟುತ್ತಿದ್ದರು.

"ಮಂಡಿ ನೋವು ಕಣಪ್ಪಾ" ಎಂದರು ಅಪ್ಪನಿಗೆ. "ಗೇಟ್ ತೆಗ್ದು ಹಾಕಿ, ತೆಗ್ದು ಹಾಕಿ ಸವ್ದೋಗಿದೆ. ಇನ್ನು ನನ್ ಕೈಲಾಗಲ್ಲ, ಬಿಡ್ತೀನಿ ಅಂತ ಓನರ್‌ಗೆ ಹೇಳ್ಬಿಟ್ಟೆ. ನನ್ ಜಾಗಕ್ಕೆ ನೀನು ಬರ್ತೀಯ ಅಂತ್ಲೂ ಹೇಳಿದೀನಿ. ಗೇಟ್ ಪಕ್ಕ ಒಂದು ರೂಮಿದೆ, ನಮಗೆ ಬೇಕಿರ್ಲಿಲ್ಲ, ಖಾಲಿ ಬಿದ್ದಿದೆ. ನಿಮ್ ಸಂಸಾರಕ್ಕೆ ಸಾಕು."

ಟೀಚರ್ ಬೇರೆ ಕಡೆ ನೋಡುತ್ತಿದ್ದರು. ಅಪ್ಪ ಇಬ್ಬರನ್ನೂ ನೋಡಿದ. ಯಾರದೋ ಹಂಗಿಗೆ ಬೀಳಲು ಅವನಿಗೆ ಇಷ್ಟವಿರಲಿಲ್ಲ. "ನೀವು ಹೇಳೂದು ಖರೆ ಏನ್ರಿ?" ಎಂದು ಕೇಳಿದ.

"ಸುಳ್ಳು ಯಾಕಪ್ಪಾ ಹೇಳ್ಲಿ? ಮಂಡಿ ಮಡಚಕ್ಕೇ ಆಗ್ತಿಲ್ಲ."

"ಗುತ್ತಿಗೆದಾರಗ ಮಾತು ಕೊಟ್ಟೀನ್ರಿ. ಏನಂತ ಹೇಳ್ಲಿ?" ಎಂದು ಅಪ್ಪ ತಲೆ ಕೆರೆದುಕೊಂಡ. "ಯೋಚ್ನೆ ಮಾಡಪ್ಪಾ" ಎಂದು ಟೀಚರ್ ಗಂಡ ಹೇಳಿದ ಮೇಲೆ ಇಬ್ಬರೂ ರಸ್ತೆಗೆ ನಡೆದರು. ಆತ ಕುಂಟುತ್ತ, ಟೀಚರ್ ಆತನ ತೋಳು ಹಿಡಿದು. ಲಾರಿಯ ಡ್ರೈವರ್ ಹಾರ್ನ್ ಹೊಡೆದ. ಅಮ್ಮ ನನ್ನ ಕೈ ಹಿಡಿದು ಲಾರಿಯ ಕಡೆ ಎಳೆದಳು.

ಅಷ್ಟರಲ್ಲಿ ತಿರುವಿನಲ್ಲಿ ಅವರ ಮನೆಯಿದ್ದ ದಾಸರಹಳ್ಳಿಗೆ ಹೋಗುವ ಬಸ್ಸು ಕಾಣಿಸಿತು. "ರೀ, ಬಸ್ಸು! ಓಡ್ರೀ!" ಎಂದರು ಟೀಚರ್, ಅಭ್ಯಾಸಬಲದಿಂದ. ಅವರ ಗಂಡ ಪಂಚೆಯಿದ್ದರೆ ಎತ್ತಿ ಕಟ್ಟುತ್ತಿದ್ದರೋ ಏನೋ, ಪ್ಯಾಂಟನ್ನೇ ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದು, ಚರಂಡಿ ದಾಟಿ, ಜಲ್ಲಿಯ ರಾಶಿ ಹಾರಿ ಓಡಿದರು. ಬಸ್ಸಿನ ಮೈಗೆ ಪಟಪಟ ಬಡಿದು ಅದನ್ನು ನಿಲ್ಲಿಸಿ, ಮೊದಲು ಹೆಂಡತಿಯನ್ನು ಹತ್ತಿಸಿ, ಮತ್ತೆ ಚಲಿಸತೊಡಗಿದ ಬಸ್ಸಿಗೆ ತಾವೂ ಹಾರಿ ಹತ್ತಿದರು.

ಅಪ್ಪ ಬಸ್ಸು ಹೋದ ದಾರಿಯನ್ನೇ ನೋಡುತ್ತ ನಿಂತ. ಡ್ರೈವರ್ ಇನ್ನೊಂದು ಸಲ ಹಾರ್ನ್ ಹೊಡೆದ. ಅಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, ಲಾರಿಯ ಮೇಲಿದ್ದವರಿಗೆ ಕೂಗಿ ಹೇಳಿದ:

"ನಮ್ಮ ಗಂಟು ಕೆಳಗ ಇಳಸ್ರೋ."